ಅವಿವಾಹಿತ ತಂದೆತಾಯಿಯರ ಹಕ್ಕು ಮತ್ತು ಮಕ್ಕಳ ಸುಪರ್ದಿ: ಮುಂಬಯಿ

ಮದುವೆಯಾಗದೆ ಮಗು ಪಡೆದ ಹೆಣ್ಣು ಮತ್ತು ಗಂಡಿಗೆ ಆ ಮಗುವಿನ ಪಾಲನೆ, ಸುಪರ್ದಿ, ಜೀವನಾಂಶ ಮತ್ತು ದಾಖಲೆಗಳ ವಿಷಯದಲ್ಲಿ ಇರುವ ಅಧಿಕಾರ ಹಾಗೂ ಹೊಣೆಗಳ ಚರಿತ್ರೆ. ಮುಂಬಯಿಯಲ್ಲಿ ಇದು ಹೆಚ್ಚಾಗಿ ತಾಯಂದಿರ ಚರಿತ್ರೆ. ಕಾನೂನಿನ ಪುಸ್ತಕ ಮಗುವನ್ನು ತಾಯಿಯ ಮಡಿಲಿಗೆ ಹಾಕಲು ಅಷ್ಟಾಗಿ ಹಿಂಜರಿಯಲಿಲ್ಲ. ಆದರೆ ಅವಳೊಬ್ಬಳ ಹೆಸರು ಸಾಕು ಎಂದು ಒಪ್ಪುವುದಕ್ಕೆ ಕಚೇರಿಗಳಿಗೆ ಹಲವು ದಶಕಗಳೇ ಬೇಕಾದವು.

ಹಳೆಯ ಹಿಂದೂ ಕಾನೂನು ಇಂಥ ಮಕ್ಕಳನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ 'ಮಿತಾಕ್ಷರಾ' ಶೂದ್ರರಲ್ಲಿ ದಾಸೀಪುತ್ರನಿಗೆ ತಂದೆಯ ಆಸ್ತಿಯಲ್ಲಿ ಒಂದು ಪಾಲನ್ನು ಒಪ್ಪಿತ್ತು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನು ಎತ್ತಿಹಿಡಿದವು. ಜಾತಿಯ ಗೆರೆಯೊಳಗೆ ಕೊಟ್ಟ ಹಕ್ಕು ಅದು, ನಿಜ, ಆದರೂ ಹಕ್ಕೇ.

ಮುಂಬಯಿಯ ಕೋಟೆ ಪ್ರದೇಶದ ಹೋಟೆಲುಗಳಿಗೆ, ಗಿರಣಿಗಳಿಗೆ ದುಡಿಮೆ ಹುಡುಕಿ ಬಂದ ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ತಮ್ಮೊಂದಿಗೆ ಅಳಿಯಸಂತಾನದ ಕಟ್ಟನ್ನೂ ತಂದರು. ಆ ಕಟ್ಟಿನಲ್ಲಿ ಮಗು ತಾಯಿಯ ಕುಟುಂಬದ್ದು, ಆಸ್ತಿ ಹರಿಯುವುದೂ ತಾಯಿಯ ಕಡೆಯಿಂದ. 19ನೆಯ ಶತಮಾನದಲ್ಲಿ ಮದರಾಸು ಹೈಕೋರ್ಟು ಈ ಕಟ್ಟಿನ ದಾಂಪತ್ಯವನ್ನು ಕಾನೂನಿನ ಅರ್ಥದಲ್ಲಿ ಮದುವೆಯೇ ಅಲ್ಲ ಎಂದು ಬಗೆದಿತ್ತು. ಅಂದರೆ ಕೋರ್ಟಿನ ಕಣ್ಣಿಗೆ ಊರಿಗೆ ಊರೇ ಅವಿವಾಹಿತರ ಮಕ್ಕಳು! ಆದರೂ ಆ ಮಕ್ಕಳಿಗೆ ಮನೆಗಾಗಲಿ ಮಾನಕ್ಕಾಗಲಿ ಕೊರತೆಯಿರಲಿಲ್ಲ. ಮಗುವಿನ ನೆಲೆಗೆ ತಂದೆಯ ಹೆಸರೇ ಆಧಾರ ಎಂಬ ನಂಬಿಕೆ ಎಲ್ಲ ಕಡೆಯದೂ ಅಲ್ಲ, ಎಲ್ಲ ಕಾಲದ್ದೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಮುಂಬಯಿ ಕನ್ನಡಿಗರಿಗೆ ಬೇಡ.

ಇನ್ನೊಂದು ಮುಖ ಮುಂಬಯಿಯ ವೇಶ್ಯಾವಾಟಿಕೆಯ ಕೇರಿಯಾದ ಕಾಮಾಠಿಪುರದ್ದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಉತ್ತರ ಕರ್ನಾಟಕದ ಎಷ್ಟೋ ಹೆಣ್ಣುಮಕ್ಕಳು ಈ ಕೇರಿ ಸೇರಿದರು. 1934ರ ಬಾಂಬೆ ದೇವದಾಸಿ ರಕ್ಷಣಾ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಅಂಥವರ ಮದುವೆಯನ್ನು ಮಾನ್ಯ ಮಾಡಿತು. ಆದರೆ ಅವರ ಮಕ್ಕಳು ಶಾಲೆಗೆ ಹೋದಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಹಾಗೆಯೇ ಕಾದು ನಿಂತಿರುತ್ತಿತ್ತು.

ಸುಪರ್ದಿಯ ವಿಷಯದಲ್ಲಿ ಮುಂಬಯಿ ದೇಶಕ್ಕೆ ಕೊಟ್ಟ ದೊಡ್ಡ ಮೊಕದ್ದಮೆ ಗೋಹರ್ ಬೇಗಂ ಪ್ರಕರಣ. ತಾಯಿ ಅವಿವಾಹಿತ ಮುಸ್ಲಿಂ ಮಹಿಳೆ, ತಂದೆ ಹಿಂದೂ. 1952ರಲ್ಲಿ ಹುಟ್ಟಿದ ಮಗಳು ತಾಯಿಯ ಕಡೆಯ ಬಂಧುವೊಬ್ಬರ ಮನೆಯಲ್ಲಿದ್ದಳು. ಕೇಳಿದರೆ ಅವರು ಕೊಡಲೊಲ್ಲರು. ತಾಯಿ ಹೇಬಿಯಸ್ ಕಾರ್ಪಸ್ ಬಗೆಯ ಅರ್ಜಿ ಹಿಡಿದು ಬಾಂಬೆ ಹೈಕೋರ್ಟಿಗೆ ಹೋದಳು, ಅಲ್ಲಿ ಸೋತಳು. ತಂದೆ ಮಾತ್ರ ಹಿಂದೆ ಸರಿಯಲಿಲ್ಲ. ಮಗು ನನ್ನದೇ, ನನ್ನ ಮಗುವಾಗಿಯೇ ಬೆಳೆಸುತ್ತೇನೆ ಎಂದು ಅಫಿಡವಿಟ್ ಬರೆದುಕೊಟ್ಟ. 1959ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು. ಮುಸ್ಲಿಂ ಕಾನೂನಿನಂತೆ ಇಂಥ ಹೆಣ್ಣುಮಗುವಿನ ಸುಪರ್ದಿ ತಾಯಿಯದೇ, ಅವಳಿಗೆ ಒಪ್ಪಿಸದೆ ಇಟ್ಟುಕೊಳ್ಳುವುದು ಅಕ್ರಮ ಬಂಧನ ಎಂದಿತು. ತಾಯಿ ಮದುವೆಯಾಗಿಲ್ಲ ಎಂಬುದನ್ನು ಅವಳ ವಿರುದ್ಧದ ತೂಕವಾಗಿ ಬಳಸದ ತೀರ್ಪು ಇದು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಹಿಂದೂಗಳಿಗೆ ಈ ನಿಯಮ 1956ರಲ್ಲೇ ಬಂದಿತ್ತು. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಮದುವೆಯಿಂದ ಹುಟ್ಟಿದ ಮಗುವಿಗೆ ಮೊದಲು ತಂದೆ ಪಾಲಕ, ಆಮೇಲೆ ತಾಯಿ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಮೊದಲು ತಾಯಿ, ಆಮೇಲೆ ತಂದೆ. ಕ್ರೈಸ್ತರು ಮುಂತಾದವರಿಗೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯೇ ದಾರಿ. 1989ರಿಂದ ಮುಂಬಯಿಯಲ್ಲಿ ಇಂಥ ಅರ್ಜಿಗಳನ್ನು ಕೇಳಲು ಕುಟುಂಬ ನ್ಯಾಯಾಲಯವಿದೆ. ಬಾಂದ್ರಾ-ಕುರ್ಲಾ ಸಂಕೀರ್ಣದ ಆ ಕಟ್ಟಡದಲ್ಲಿ ಮಕ್ಕಳಿಗೆಂದೇ ಮೀಸಲಾದ ಜಾಗವಿದೆ. ಬೇರೆಯಾದ ತಂದೆಯೋ ತಾಯಿಯೋ ಗೊತ್ತಾದ ಹೊತ್ತಿಗೆ ಬಂದು ಮಗುವಿನೊಡನೆ ಕೂತು ಹೋಗುತ್ತಾರೆ.

ಹಕ್ಕು ಪುಸ್ತಕದಲ್ಲಿದ್ದರೂ ಕೌಂಟರಿನಲ್ಲಿ ನಡೆಯುತ್ತಿರಲಿಲ್ಲ. 2015ರ ಜುಲೈ 6ರಂದು ಸುಪ್ರೀಂ ಕೋರ್ಟು ದೆಹಲಿಯ ಕ್ರೈಸ್ತ ತಾಯಿಯೊಬ್ಬರ ಪ್ರಕರಣದಲ್ಲಿ, ತಂದೆಯ ಹೆಸರು ಹೇಳದೆ, ಅವನಿಗೆ ನೋಟಿಸು ಕೊಡದೆ ಅವಿವಾಹಿತ ತಾಯಿ ಪಾಲಕಿಯಾಗಬಹುದು ಎಂದಿತು. ಅವಳು ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಲೇಬೇಕೆಂದೂ ಆದೇಶಿಸಿತು. ತೀರ್ಪು ಬರೆದ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅದಕ್ಕೆ ಮೊದಲು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಇಷ್ಟಾದರೂ, ನಾಲಾಸೋಪಾರದ ಅವಿವಾಹಿತ ಮಹಿಳೆಯೊಬ್ಬರು ದಾನಿಯ ನೆರವಿನಿಂದ ಪ್ರನಾಳ ಶಿಶುವನ್ನು ಪಡೆದಾಗ, ತಂದೆಯ ಹೆಸರಿಲ್ಲದ ಪ್ರಮಾಣಪತ್ರಕ್ಕಾಗಿ ಅವರು ಬಾಂಬೆ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು. 2018ರಲ್ಲಿ ನ್ಯಾಯಮೂರ್ತಿ ಎ.ಎಸ್. ಓಕಾ ಅವರಿದ್ದ ಪೀಠ ಅದನ್ನು ಕೊಡುವಂತೆ ಮುಂಬಯಿ ಮಹಾನಗರಪಾಲಿಕೆಗೆ ಆದೇಶಿಸಿತು. ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿ ಮುಗಿಸಿದ ಮಾತಿಗೆ ಎರಡೂವರೆ ವರ್ಷದ ಮೇಲೂ ಒಬ್ಬ ತಾಯಿ ವಕೀಲರನ್ನು ಹಿಡಿಯಬೇಕಾಗಿ ಬಂದದ್ದು ಅನ್ಯಾಯ.

ಪಾಸ್‌ಪೋರ್ಟಿಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕೆಂಬ ನಿಯಮ 2016ರ ಡಿಸೆಂಬರಿನಲ್ಲಿ ಬಂತು. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಬೆನ್ನಿಗೇ ತಾಯಿಯ ಹೆಸರು, ಆಮೇಲೆ ತಂದೆಯದು ಎಂಬ ಕ್ರಮವನ್ನು ಮಹಾರಾಷ್ಟ್ರ ಸರ್ಕಾರ ತಂದಿತು.

ಅವಿವಾಹಿತ ತಂದೆಯ ಸ್ಥಿತಿ ಬೇರೆ. ಮಗುವಿಗೆ ಜೀವನಾಂಶ ಕೊಡುವ ಹೊಣೆಯಿಂದ ಅವನು ತಪ್ಪಿಸಿಕೊಳ್ಳಲಾರ: ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಇದನ್ನು ಹೇಳುತ್ತವೆ. ಸುಪರ್ದಿಗೆ ಅವನ ಸರದಿ ತಾಯಿಯ ನಂತರ. ಮಗುವಿನ ಹಿತ ತನ್ನ ಬಳಿಯೇ ಇದೆಯೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಮಾತ್ರ ಆ ಸರದಿ ಬದಲಾದೀತು. ಮಗುವನ್ನು ಮನಸಾರೆ ಬಯಸುವ, ಸಾಕುವ ತಂದೆಗೆ ಇದು ಬಿಗಿಯಾದ ಬಾಗಿಲು.

ಉಳಿದಿರುವುದು ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಿತಾಕ್ಷರಾ ಕೊಟ್ಟಿದ್ದ ಆ ಸಣ್ಣ ಪಾಲನ್ನೂ ಅಳಿಸಿತು. ಇಂಥ ಮಗುವಿಗೆ ವಾರಸಿನ ಸಂಬಂಧ ತಾಯಿಯೊಡನೆ, ತಂದೆಯೊಡನೆ ಇಲ್ಲ. ಅಸಿಂಧು ಮದುವೆಯ ಮಕ್ಕಳಿಗೆ, ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬೇಕಾದ ಪಾಲಿನಲ್ಲೂ ಹಕ್ಕಿದೆಯೆಂದು ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ಹೇಳಿತು. ಆದರೆ ಮದುವೆಯೇ ನಡೆಯದ, ನಡೆದಂತೆ ನ್ಯಾಯಾಲಯ ಊಹಿಸಲೂ ಆಗದ ಸಂಬಂಧದ ಮಗುವಿಗೆ ಆ ತೀರ್ಪು ತಲುಪುವುದಿಲ್ಲ. ಹಿಂದೂ ತಂದೆಯೊಬ್ಬ ಉಯಿಲು ಬರೆಯದೆ ತೀರಿಕೊಂಡರೆ, ಅವನ ಫ್ಲ್ಯಾಟಿನಲ್ಲಿ ಆ ಮಗುವಿಗೆ ಇಂದಿಗೂ ವಾರಸು ಹಕ್ಕಿಲ್ಲ.