ಪ್ರಿಮೋರ್ಯೆ ಪ್ರಾಂತದ ಗವರ್ನರ್ ಚುನಾವಣೆ, 2018: ಒಂದು ಚಾರಿತ್ರಿಕ ವಿಮರ್ಶೆ

ರಷ್ಯಾ ಒಕ್ಕೂಟದ ಮೂಡಣ ಅಂಚಿನಲ್ಲಿ, ಜಪಾನ್ ಸಮುದ್ರದ ತೀರದಲ್ಲಿರುವ ಪ್ರಿಮೋರ್ಯೆ ಪ್ರಾಂತವು ನಮ್ಮ ವಿದ್ಯಾರ್ಥಿಗಳಿಗೆ ಅದರ ರಾಜಧಾನಿಯಾದ ವ್ಲಾದಿವೊಸ್ತೋಕ್ ಬಂದರಿನಿಂದ ಮಾತ್ರ ಪರಿಚಿತವಾಗಿದೆ. ಮಾಸ್ಕೋವಿನಿಂದ ರೈಲುಮಾರ್ಗವಾಗಿ ಸುಮಾರು 9,300 ಕಿಲೋಮೀಟರು ದೂರದಲ್ಲಿರುವ ಈ ಪ್ರಾಂತದಲ್ಲಿ 2018ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಗವರ್ನರ್ ಚುನಾವಣೆಯು ಕೇವಲ ಸ್ಥಳೀಯ ವಿಷಯವಾಗಿ ಉಳಿಯಲಿಲ್ಲ. ಒಕ್ಕೂಟವೆಂದು ಹೆಸರು ಪಡೆದ ರಾಜ್ಯವೊಂದರಲ್ಲಿ ಪ್ರಾಂತದ ಮುಖ್ಯಾಧಿಕಾರಿಯು ಯಾರಿಗೆ ಸೇರಿದವನು, ತನ್ನನ್ನು ಆರಿಸಿದ ಮತದಾರರಿಗೋ ಅಥವಾ ತನ್ನನ್ನು ಕಳುಹಿಸಿಕೊಟ್ಟ ಅಧ್ಯಕ್ಷನಿಗೋ ಎಂಬ ಹಳೆಯ ಪ್ರಶ್ನೆಯನ್ನು ಅದು ಮತ್ತೆ ಮೇಲಕ್ಕೆ ತಂದಿತು. ಆ ಚುನಾವಣೆಯನ್ನು ಅದರ ಹಿಂದಣ ಚರಿತ್ರೆಯೊಡನೆ ಇಟ್ಟು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗವರ್ನರ್ ಎಂಬ ಪದದ ವಿಷಯದಲ್ಲಿ ಮೊದಲಿಗೇ ಎಚ್ಚರಿಕೆ ಅವಶ್ಯ. ನಮ್ಮ ಸಂವಿಧಾನದ ರಾಜ್ಯಪಾಲರು ನಾಮಕರಣ ಹೊಂದಿದವರು. ಆಡಳಿತದ ಹೊಣೆ ಮುಖ್ಯಮಂತ್ರಿಯದು. (ರಾಜ್ಯಪಾಲರನ್ನು ಜನರೇ ನೇರವಾಗಿ ಚುನಾಯಿಸಬೇಕೆಂದು ನಮ್ಮ ಸಂವಿಧಾನ ಸಭೆಯು 1947ರಲ್ಲಿ ಒಪ್ಪಿ, 1949ರಲ್ಲಿ ಆ ಯೋಚನೆಯನ್ನು ಕೈಬಿಟ್ಟಿತೆಂಬುದನ್ನು ವಾಚಕರು ನೆನೆಯಬಹುದು.) ರಷ್ಯಾದ ಗವರ್ನರನಾದರೋ ಪ್ರಾಂತದ ಕಾರ್ಯಾಂಗಕ್ಕೆ ತಾನೇ ಮುಖ್ಯಸ್ಥನು. ಆದುದರಿಂದ ಅವನ ಆಯ್ಕೆ ಹೇಗೆ ನಡೆಯುವುದೆಂಬುದು ಅಲ್ಲಿ ಅಧಿಕಾರದ ಮೂಲವನ್ನೇ ಕುರಿತ ಪ್ರಶ್ನೆ.

1991ರ ಅನಂತರ ಈ ಪದವಿಯು ಕಂಡ ಪ್ರತಿಯೊಂದು ಪರಿವರ್ತನೆಯೂ ಪ್ರಿಮೋರ್ಯೆಯಲ್ಲಿ ಸ್ಪಷ್ಟವಾಗಿ ಮೂಡಿದೆ. 1993ರಲ್ಲಿ ಅಧ್ಯಕ್ಷ ಯೆಲ್ತ್ಸಿನ್‌ರಿಂದ ನೇಮಕಗೊಂಡ ಯೆವ್ಗೆನಿ ನಜ್ದ್ರಾತೆಂಕೊ 1995ರ ಡಿಸೆಂಬರಿನಲ್ಲಿ ಜನರ ಮತದಿಂದ ಅದೇ ಸ್ಥಾನವನ್ನು ಪಡೆದರು. 1999ರಲ್ಲಿ ಪುನಃ ಆಯ್ಕೆಯಾದರು. ಚುನಾಯಿತನಾದ ಮೇಲೆ ಅವರು ಮಾಸ್ಕೋವಿನ ಮಾತಿಗೆ ಸುಲಭವಾಗಿ ಬಗ್ಗಲಿಲ್ಲ. ಕೊನೆಗೆ ಮನೆಗಳಿಗೆ ಶಾಖವಿಲ್ಲದೆ ಜನ ಚಳಿಯಲ್ಲಿ ನರಳಿದ ಒಂದು ಚಳಿಗಾಲದ ಬಳಿಕ, 2001ರ ಫೆಬ್ರವರಿಯಲ್ಲಿ ಅವರು ರಾಜೀನಾಮೆಯಿತ್ತರು. ಆ ಕೂಡಲೆ ಅವರಿಗೆ ಒಕ್ಕೂಟದ ಮೀನುಗಾರಿಕೆ ಸಮಿತಿಯ ಅಧ್ಯಕ್ಷತೆ ದೊರೆಯಿತು. ಆ ವರ್ಷದ ಚುನಾವಣೆಯ ಎರಡನೆಯ ಸುತ್ತಿಗೆ ಮುನ್ನ, ಎರಡನೆಯ ಸ್ಥಾನದಲ್ಲಿದ್ದ ವಿಕ್ತೊರ್ ಚೆರೆಪ್ಕೋವ್ ನ್ಯಾಯಾಲಯದ ತೀರ್ಪಿನಿಂದ ಕಣದ ಹೊರಗಾದರು. ಸೆರ್ಗೈ ದಾರ್ಕಿನ್ ಗೆದ್ದರಾದರೂ, ಮತದಾರರಲ್ಲಿ ಸುಮಾರು ಮೂರನೆಯ ಒಂದು ಭಾಗ ‘ಎಲ್ಲರಿಗೂ ವಿರುದ್ಧ’ ಎಂದು ಗುರುತು ಹಾಕಿದ್ದರು. ಉಮೇದುವಾರನನ್ನು ಕಣದಿಂದ ತೆಗೆಯುವ ಉಪಾಯವು ಈ ಪ್ರಾಂತಕ್ಕೆ 2018ರಲ್ಲಿ ಹೊಸದಾಗಿ ಬಂದುದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

2004ರ ಸೆಪ್ಟೆಂಬರಿನಲ್ಲಿ ಬೆಸ್ಲಾನ್ ಶಾಲೆಯ ಘೋರ ದುರಂತವಾದ ಕೆಲವೇ ದಿನಗಳಲ್ಲಿ ಅಧ್ಯಕ್ಷ ಪುತಿನ್ ಗವರ್ನರ್ ಚುನಾವಣೆಗಳನ್ನು ರದ್ದುಪಡಿಸುವ ಯೋಜನೆಯನ್ನು ಪ್ರಕಟಿಸಿದರು. ಭಯೋತ್ಪಾದನೆಗೂ ದೂರದ ಪ್ರಾಂತಗಳ ಮತಪೆಟ್ಟಿಗೆಗೂ ಏನು ಸಂಬಂಧವೆಂದು ಕೇಳಿದವರಿಗೆ ತೃಪ್ತಿಕರವಾದ ಉತ್ತರ ದೊರೆಯಲಿಲ್ಲವೆಂದೇ ನಮ್ಮ ಅಭಿಪ್ರಾಯ. ಅಧ್ಯಕ್ಷನು ಸೂಚಿಸಿ, ಪ್ರಾಂತದ ಶಾಸನಸಭೆಯು ಅನುಮೋದಿಸುವ ಈ ಹೊಸ ಪದ್ಧತಿಯಂತೆ 2005ರ ಫೆಬ್ರವರಿಯಲ್ಲಿ ಮೊಟ್ಟಮೊದಲು ಅಧಿಕಾರದಲ್ಲಿ ಮುಂದುವರಿದವರು ಇದೇ ದಾರ್ಕಿನ್.

2011ರ ಚಳಿಗಾಲದಲ್ಲಿ ಮಾಸ್ಕೋವಿನ ಬೀದಿಗಳಲ್ಲಿ ಪ್ರತಿಭಟನೆಗಳು ನಡೆದ ಮೇಲೆ, 2012ರ ಶಾಸನವು ನೇರ ಚುನಾವಣೆಯನ್ನು ಹಿಂದಕ್ಕೆ ತಂದಿತು. ಆದರೆ ಬರಿಗೈಯಲ್ಲಿ ತರಲಿಲ್ಲ. ಅದರೊಡನೆ, ರಷ್ಯನ್ನರು ‘ಪುರಸಭೆಯ ಜರಡಿ’ ಎಂದು ಕರೆಯುವ ನಿಬಂಧನೆಯೂ ಬಂದಿತು. ಗವರ್ನರ್ ಸ್ಥಾನಕ್ಕೆ ನಿಲ್ಲಬಯಸುವವನು ಸ್ಥಳೀಯ ಸಂಸ್ಥೆಗಳ ಸದಸ್ಯರಲ್ಲಿ ಶೇಕಡ 5ರಿಂದ 10ರಷ್ಟು ಮಂದಿಯ ರುಜುಗಳನ್ನು ಸಂಪಾದಿಸಬೇಕು. ಅವು ಪ್ರಾಂತದ ಜಿಲ್ಲೆ ನಗರಗಳ ಮುಕ್ಕಾಲು ಪಾಲಿನಿಂದ ಬರಬೇಕು. ಒಬ್ಬ ಸದಸ್ಯನು ಒಬ್ಬನಿಗೆ ಮಾತ್ರ ರುಜು ಹಾಕಬಹುದು. ಈ ಸ್ಥಳೀಯ ಸಂಸ್ಥೆಗಳಲ್ಲಿ ಬಹುಪಾಲು ಆಳುವ ಪಕ್ಷವಾದ ‘ಐಕ್ಯ ರಷ್ಯಾ’ದ ಕೈಯಲ್ಲಿದ್ದವು. ಹೀಗಾಗಿ, ಎದುರಾಳಿಯಾಗಿ ಯಾರು ನಿಲ್ಲಬಹುದೆಂಬುದನ್ನು ಆಳುವವರೇ ತೀರ್ಮಾನಿಸುವ ಸ್ಥಿತಿ ಒದಗಿತು.

ಇನ್ನು 2018ರ ಸಂಗತಿ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷರಿಂದ ಹಂಗಾಮಿ ಗವರ್ನರಾಗಿ ನೇಮಕಗೊಂಡ ಆಂದ್ರೇಯ್ ತರಸೆಂಕೊ ಐಕ್ಯ ರಷ್ಯಾದ ಉಮೇದುವಾರರು. ಸೆಪ್ಟೆಂಬರ್ 9ರ ಮೊದಲ ಸುತ್ತಿನಲ್ಲಿ ಅವರಿಗೆ ಶೇಕಡ 46.5ರಷ್ಟು, ಕಮ್ಯುನಿಸ್ಟ್ ಪಕ್ಷದ ಆಂದ್ರೇಯ್ ಇಶ್ಚೆಂಕೊ ಅವರಿಗೆ ಶೇಕಡ 24.6ರಷ್ಟು ಮತಗಳು ಬಂದವು. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದುದರಿಂದ ಒಂದು ವಾರದಲ್ಲಿ ಎರಡನೆಯ ಸುತ್ತು ನಡೆಯಬೇಕಾಯಿತು. ಆ ಬೇಸಗೆಯಲ್ಲಿ ಸರ್ಕಾರವು ನಿವೃತ್ತಿ ವಯಸ್ಸನ್ನು ಗಂಡಸರಿಗೆ 60ರಿಂದ 65ಕ್ಕೆ ಏರಿಸುವ ಮಸೂದೆಯನ್ನು ತಂದಿತ್ತು. ಹೆಂಗಸರಿಗೂ ಐದು ವರ್ಷ ಕೂಡಿತು. ದೇಶದಾದ್ಯಂತ ಜನ ಕುದಿಯುತ್ತಿದ್ದರು. ಇಶ್ಚೆಂಕೊ ಅಷ್ಟೇನೂ ಹೆಸರಾದವರಲ್ಲ. ಪ್ರಾಂತದ ಶಾಸನಸಭೆಯ ಸದಸ್ಯರು, ಒಬ್ಬ ಉದ್ಯಮಿ. ಜರಡಿಯ ಕಣ್ಣಿನಲ್ಲಿ ಅವರು ನುಸುಳಿ ಬಂದುದಕ್ಕೆ ಆ ಅಪರಿಚಿತತೆಯೇ ಕಾರಣವಾಗಿರಬೇಕೆಂದು ನಾವು ಊಹಿಸುತ್ತೇವೆ.

ಸೆಪ್ಟೆಂಬರ್ 16ರ ರಾತ್ರಿಯ ಎಣಿಕೆಯೇ ಈ ಚರಿತ್ರೆಯ ತಿರುಳು. ಶೇಕಡ 95ರಷ್ಟು ಎಣಿಕೆ ಮುಗಿದಾಗ ಇಶ್ಚೆಂಕೊ ಹೆಚ್ಚು ಕಡಿಮೆ ಶೇಕಡ 6ರಷ್ಟು ಮುಂದಿದ್ದರು. ಉಳಿದುದು ಅತ್ಯಲ್ಪ. ಆದರೆ ಶೇಕಡ 99ರ ಹಂತಕ್ಕೆ ಬರುವಷ್ಟರಲ್ಲಿ ತರಸೆಂಕೊ ಸುಮಾರು ಒಂದೂವರೆ ಅಂಶದಷ್ಟು ಮೇಲಾಗಿದ್ದರು! ಉಳಿದ ಎಲ್ಲ ಮತಗಳೂ ಒಬ್ಬನಿಗೇ ಬಿದ್ದರೂ ಇಂಥ ತಿರುವು ಸಾಧ್ಯವೇ ಎಂದು, ಲೆಕ್ಕ ಬಲ್ಲ ಯಾರಾದರೂ ಕೇಳುವಂತಿತ್ತು. ಕೊನೆಯಲ್ಲಿ ಬಂದ ಈ ಅಂಕಿಗಳಲ್ಲಿ ವ್ಲಾದಿವೊಸ್ತೋಕಿನ ಉತ್ತರಕ್ಕಿರುವ ಉಸ್ಸುರಿಯ್ಸ್ಕ್ ನಗರದ ಮತಗಟ್ಟೆಗಳವು ಎಲ್ಲರ ಕಣ್ಣಿಗೆ ಬಿದ್ದವು. ಎಣಿಕೆಯ ಅಂಕಿಗಳು ಕ್ಷಣಕ್ಷಣಕ್ಕೂ ಬಹಿರಂಗವಾಗಿ ಪ್ರಕಟವಾಗುತ್ತಿದ್ದುದರಿಂದ ಈ ಮಾರ್ಪಾಡು ನಾಡಿನವರೆಲ್ಲರ ಎದುರಿಗೇ ನಡೆದಂತಾಯಿತು. ಇಶ್ಚೆಂಕೊ ಉಪವಾಸ ಸಾರಿದರು. ಅವರ ಬೆಂಬಲಿಗರು ವ್ಲಾದಿವೊಸ್ತೋಕಿನ ಚೌಕದಲ್ಲಿ ನೆರೆದರು.

ಎಲ್ಲಾ ಪಾಮ್ಫಿಲೊವಾ ಅವರ ಅಧ್ಯಕ್ಷತೆಯ ಕೇಂದ್ರ ಚುನಾವಣಾ ಆಯೋಗವು ಫಲಿತಾಂಶವನ್ನು ಅಸಿಂಧುವೆಂದು ಸಾರಲು ಸಲಹೆ ಮಾಡಿತು. ಸೆಪ್ಟೆಂಬರ್ 20ರಂದು ಪ್ರಾಂತದ ಆಯೋಗವು ಹಾಗೆಯೇ ಮಾಡಿತು. ಇದನ್ನು ನ್ಯಾಯದ ಜಯವೆಂದು ಕೊಂಡಾಡಿದವರೂ ಇದ್ದರು. ಆದರೆ ಆಯೋಗವು ದೋಷಗಳನ್ನು ಎರಡು ಪಕ್ಷಗಳ ಮೇಲೂ ಹೊರಿಸಿತು. ಗೆದ್ದವರು ಯಾರೆಂದು ಹೇಳದೆ, ಚುನಾವಣೆಯನ್ನೇ ಇಲ್ಲವಾಗಿಸಿತು. ಕಾಗದದ ಮೇಲೆ ಆ ದಿನದ ಮತದಾನಕ್ಕೆ ವಿಜೇತನೇ ಇಲ್ಲ. ಕಳ್ಳತನ ಸಿಕ್ಕಿಬಿದ್ದಾಗ ಮಾಲನ್ನು ಒಡೆಯನಿಗೆ ಕೊಡದೆ ಹರಾಜಿಗೆ ಇಟ್ಟಂತೆ ಇದು ಎಂದರೆ ಕಟುವಾದೀತು, ಸುಳ್ಳಾಗದು.

ಅನಂತರದ ಕ್ರಮಗಳು ಬೇಗಬೇಗನೆ ನಡೆದವು. ತರಸೆಂಕೊ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 26ರಂದು, ಸಹಾಲಿನ್ ಪ್ರಾಂತದ ಗವರ್ನರಾಗಿದ್ದ ಒಲೆಗ್ ಕೊಜೆಮ್ಯಾಕೊ ಅವರನ್ನು ಹಂಗಾಮಿಯಾಗಿ ನೇಮಿಸಲಾಯಿತು. ಇವರು ಪ್ರಿಮೋರ್ಯೆಯಲ್ಲೇ ಹುಟ್ಟಿದವರು. ಆಳುವ ಪಕ್ಷದ ಹೆಸರಿನಲ್ಲಿ ನಿಲ್ಲದೆ ಸ್ವತಂತ್ರ ಉಮೇದುವಾರರಾದರು. ಮರುಚುನಾವಣೆಗೆ ಮೂರೇ ದಿನ ಇರುವಾಗ, ಡಿಸೆಂಬರ್ 13ರಂದು, ದೂರಪೂರ್ವ ವಿಭಾಗದ ಆಡಳಿತ ಕೇಂದ್ರವನ್ನು ಖಬಾರೊವ್‌ಸ್ಕ್‌ನಿಂದ ವ್ಲಾದಿವೊಸ್ತೋಕಿಗೆ ವರ್ಗಾಯಿಸುವ ಅಧ್ಯಕ್ಷಾಜ್ಞೆಯೂ ಹೊರಟಿತು. ಇಶ್ಚೆಂಕೊ ಅವರಿಗೆ ಅವರ ಪಕ್ಷವೇ ಬೆನ್ನು ತಿರುಗಿಸಿ, ಯಾರನ್ನೂ ನಿಲ್ಲಿಸದಿರಲು ನಿಶ್ಚಯಿಸಿತು. ಅವರು ಒಂಟಿಯಾಗಿ ನಿಲ್ಲಲು ಹೊರಟಾಗ, ಸ್ಥಳೀಯ ಸದಸ್ಯರ ಸಿಂಧುವಾದ ರುಜುಗಳು ಸಾಲವೆಂದು ಆಯೋಗವು ಅವರ ಅರ್ಜಿಯನ್ನು ತಿರಸ್ಕರಿಸಿತು. ಸೆಪ್ಟೆಂಬರಿನಲ್ಲಿ ಎಣಿಕೆಯ ಕೋಣೆಯಲ್ಲಿ ಸಾಧಿಸಲಾಗದ ಕಾರ್ಯವು ನವೆಂಬರಿನಲ್ಲಿ ಗುಮಾಸ್ತರ ಮೇಜಿನ ಮೇಲೆ ಸದ್ದಿಲ್ಲದೆ ನೆರವೇರಿತು. ಡಿಸೆಂಬರ್ 16ರಂದು ಮತದಾರರಲ್ಲಿ ಶೇಕಡ 46ರಷ್ಟು ಮಂದಿ ಮತವಿತ್ತರು. ಕೊಜೆಮ್ಯಾಕೊ ಶೇಕಡ 61ಕ್ಕಿಂತ ಹೆಚ್ಚು ಮತಗಳಿಂದ ಮೊದಲ ಸುತ್ತಿನಲ್ಲೇ ಗೆದ್ದರು.

ಅದೇ ಸೆಪ್ಟೆಂಬರಿನಲ್ಲಿ ನೆರೆಯ ಖಬಾರೊವ್‌ಸ್ಕ್ ಪ್ರಾಂತದವರು ಎರಡನೆಯ ಸುತ್ತಿನಲ್ಲಿ ಸೆರ್ಗೈ ಫುರ್ಗಾಲ್ ಅವರಿಗೆ ಶೇಕಡ 69ಕ್ಕೂ ಮಿಕ್ಕು ಮತ ಕೊಟ್ಟು, ಅಧಿಕಾರದಲ್ಲಿದ್ದ ಗವರ್ನರನ್ನು ಸೋಲಿಸಿದರು. ಅಲ್ಲಿ ಫಲಿತಾಂಶವನ್ನು ಯಾರೂ ಮುಟ್ಟಲಿಲ್ಲ. 2020ರ ಜುಲೈಯಲ್ಲಿ ಫುರ್ಗಾಲ್ ಹಳೆಯ ಕೊಲೆಗಳ ಆರೋಪದ ಮೇಲೆ ಬಂಧಿತರಾದರು. ಸಾವಿರಾರು ಜನ ವಾರಗಟ್ಟಲೆ ಬೀದಿಗಿಳಿದರು. ಆರೋಪಗಳನ್ನು ಅವರು ನಿರಾಕರಿಸಿದರೂ 2023ರಲ್ಲಿ ಅವರಿಗೆ 22 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ 2023ರ ಸೆಪ್ಟೆಂಬರಿನಲ್ಲಿ ಪ್ರಿಮೋರ್ಯೆಯ ಮತದಾರರು ಮತ್ತೊಮ್ಮೆ ಮತಗಟ್ಟೆಗೆ ಹೋದರು. ಕೊಜೆಮ್ಯಾಕೊ ಅವರಿಗೆ ಶೇಕಡ 72ಕ್ಕಿಂತ ಹೆಚ್ಚು ಮತಗಳು ಬಂದವು. ಇಶ್ಚೆಂಕೊ ಅವರ ಹೆಸರು ಮತಪತ್ರದಲ್ಲಿರಲಿಲ್ಲ.