ಪೋದನೂರಿನಿಂದ ಮಂಗಳೂರಿಗೆ ಒಂದು ಹಳೆಯ ದಾರಿ

ಮಂಗಳೂರಿಗೆ ಮೊದಲ ರೈಲು ಬಂದದ್ದು 1907ರಲ್ಲಿ. ಅದು ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿದರೆ ಬೆಂಗಳೂರು ಅನ್ನುತ್ತಾರೆ, ಕೆಲವರು ಮುಂಬಯಿ ಅನ್ನುತ್ತಾರೆ. ಎರಡೂ ಅಲ್ಲ! ನಮ್ಮ ಕೊಯಮತ್ತೂರಿನ ಪಕ್ಕದ ಪೋದನೂರಿನ ಕಡೆಯಿಂದ ಬಂತು. ಹಾಸನ-ಮಂಗಳೂರು ಹಳಿ ಪೂರ್ಣವಾದದ್ದು 1979ರಲ್ಲಿ, ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ, ಅಂದರೆ ಸುಮಾರು 72 ವರ್ಷ, ಮಂಗಳೂರಿನವರು ರೈಲಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಮೊದಲು ದಕ್ಷಿಣಕ್ಕೆ ಇಳಿಯಬೇಕು. ಬೆಂಗಳೂರಿಗೆ ಹೋಗುವವರು ಕೂಡ ಕಲ್ಲಿಕೋಟೆ, ಪಾಲಕ್ಕಾಡು, ಪೋದನೂರು, ಈರೋಡು ಅಂತ ಸುತ್ತಿಕೊಂಡೇ ಹೋಗಬೇಕು.

ಇದಕ್ಕೆ ಕಾರಣ ಘಟ್ಟ. ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಹತ್ತಿರ ಒಂದು ಕಡೆ ಮಾತ್ರ ಅಗಲವಾಗಿ ಬಾಯಿ ತೆರೆದಿದೆ. ಮಳೆಗಾಲದ ಗಾಳಿ ಆ ಬಾಯಿಯಿಂದಲೇ ನಮ್ಮ ಪಲ್ಲಡಂ, ಉಡುಮಲೈ ಕಡೆಗೆ ನುಗ್ಗುತ್ತದೆ. ಅಲ್ಲಿ ಸಾಲುಸಾಲಾಗಿ ಗಾಳಿಯಂತ್ರಗಳು ನಿಂತಿರುವುದು ಅದಕ್ಕೇ. ಮದ್ರಾಸಿನ ಹಳಿ 1862ರಲ್ಲಿ ಈ ಕಂಡಿಯ ಮೂಲಕವೇ ಬೇಪೂರಿನ ಕಡಲನ್ನು ಮುಟ್ಟಿತು. 1888ರಲ್ಲಿ ಕಲ್ಲಿಕೋಟೆಗೆ ಬಂತು. ಆಮೇಲೆ ನದಿಗೊಂದು ಸೇತುವೆ ಕಟ್ಟುತ್ತಾ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿ, ನೇತ್ರಾವತಿ ದಾಟಿ ಮಂಗಳೂರು ಸೇರಲು ಇನ್ನೂ 19 ವರ್ಷ ಹಿಡಿಯಿತು.

ರೈಲಿನವರು ಹೊಸ ದಾರಿ ಹುಡುಕಿದರು ಎಂದು ತಿಳಿಯಬೇಡಿ. ಅವರಿಗಿಂತ ನೂರು ವರ್ಷ ಮೊದಲೇ ಮೈಸೂರಿನ ಸೈನ್ಯ ಇಲ್ಲಿ ನಡೆದಿತ್ತು.

ಕೊಯಮತ್ತೂರು ಸೀಮೆ ಚಿಕ್ಕದೇವರಾಜ ಒಡೆಯರ ಕಾಲದ ಹೊತ್ತಿಗೇ ಮೈಸೂರಿನ ಕೈಗೆ ಬಂದಿತ್ತು. ಮಂಗಳೂರು ಕೆಳದಿಯವರದು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಅದರೊಂದಿಗೆ ಕರಾವಳಿಯೂ ಬಂತು. ಆಗಿನಿಂದ ಈ ಎರಡು ಊರುಗಳೂ ಒಂದೇ ರಾಜ್ಯದ ಎರಡು ತುದಿಗಳಾದವು. 1766ರಲ್ಲಿ ಹೈದರ್ ಕರಾವಳಿಯ ಮೇಲಿನಿಂದ ಮಲಬಾರಿಗೆ ಇಳಿದು, ಕಲ್ಲಿಕೋಟೆ ಹಿಡಿದು, ಪಾಲಕ್ಕಾಡಿನ ಕಂಡಿಯಿಂದ ಕೊಯಮತ್ತೂರಿಗೆ ಬಂದು ಸೇರಿದ. ಇವತ್ತಿನ ರೈಲಿನ ದಾರಿಯೇ ಅದು, ಹೆಚ್ಚು ಕಡಿಮೆ.

ಈ ನಂಟು ಎಷ್ಟು ಗಟ್ಟಿ ಎನ್ನುವುದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ 1783-84ರದು. 1783ರಲ್ಲಿ ಕಂಪನಿಯ ಕರ್ನಲ್ ಫುಲ್ಲರ್ಟನ್ ನಮ್ಮ ಧಾರಾಪುರಂ ಕೋಟೆ ಹಿಡಿದ. ಆ ವರ್ಷದ ಕೊನೆಯೊಳಗೆ ಪಾಲಕ್ಕಾಡು, ಕೊಯಮತ್ತೂರು ಎರಡೂ ಅವನ ವಶವಾದವು. ಮುಂದೆ ಶ್ರೀರಂಗಪಟ್ಟಣಕ್ಕೇ ಹೋಗುವ ಲೆಕ್ಕ ಹಾಕಿದ್ದ. ಅದೇ ಸಮಯದಲ್ಲಿ ಟಿಪ್ಪು ಮಂಗಳೂರು ಕೋಟೆಯನ್ನು ಮುತ್ತಿ ಕೂತಿದ್ದ. 1784ರ ಜನವರಿಯಲ್ಲಿ ಆ ಕೋಟೆ ಶರಣಾಯಿತು, ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ಊರುಗಳನ್ನು ಎರಡೂ ಕಡೆಯವರು ಮರಳಿಸಬೇಕೆಂದು ತೀರ್ಮಾನ. ಧಾರಾಪುರಂ ಯಾರದು ಎಂದು ನಿರ್ಧಾರವಾದದ್ದು ಮಂಗಳೂರಿನಲ್ಲಿ, ನೋಡಿ! ಪಾಠದಲ್ಲಿ ಮಂಗಳೂರು ಒಪ್ಪಂದ ಎಂದು ಒಂದು ಅಂಕದ ಪ್ರಶ್ನೆ ಇರುತ್ತದೆ. ಅದರೊಳಗೆ ತಮ್ಮ ಊರೂ ಇದೆ ಎಂದು ಇಲ್ಲಿನ ಮಕ್ಕಳಿಗೆ ಹೇಳುವವರು ಕಡಿಮೆ.

1792ರಲ್ಲಿ ಟಿಪ್ಪು ಮಲಬಾರನ್ನು ಬಿಟ್ಟುಕೊಟ್ಟ ಮೇಲೆ ನಡುವೆ ಕಂಪನಿಯ ನೆಲ ಬಂದು ಈ ದಾರಿ ತುಂಡಾಯಿತು. 1799ರಲ್ಲಿ ಟಿಪ್ಪು ಸತ್ತ ನಂತರ ಕೊಯಮತ್ತೂರು, ಕೆನರಾ ಎರಡನ್ನೂ ಕಂಪನಿಯೇ ತೆಗೆದುಕೊಂಡಿತು. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ, ಹೊಸ ಸೀಮೆಯಲ್ಲಿ ಏನಿದೆ ಏನಿಲ್ಲ ಎಂದು ಬರೆದುಕೊಳ್ಳಲು ಹೊರಟ. 1800ರ ಏಪ್ರಿಲಿನಲ್ಲಿ ಮದ್ರಾಸು ಬಿಟ್ಟು, ಮೈಸೂರು ಸೀಮೆ ಸುತ್ತಿ, ವರ್ಷದ ಕೊನೆಯ ತಿಂಗಳುಗಳಲ್ಲಿ ಕೊಯಮತ್ತೂರಿಗೆ ಬಂದು, ಪಾಲಕ್ಕಾಡು ದಾಟಿ, 1801ರ ಆರಂಭದಲ್ಲಿ ಮಂಗಳೂರು ತಲುಪಿದ. ಬೆಳೆ, ಮಗ್ಗ, ಕಬ್ಬಿಣ, ಕಂದಾಯ, ಜಾತಿ, ಎಲ್ಲವನ್ನೂ ಬರೆದ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ದೊರೆಗಳಿಗೆ ಲೆಕ್ಕ ಒಪ್ಪಿಸಲು ಬರೆದದ್ದು ನಿಜ, ಆದರೂ ನಮ್ಮ ಹಳ್ಳಿಗಳ ಬಗ್ಗೆ ಆ ಕಾಲದಲ್ಲಿ ಅಷ್ಟು ತಾಳ್ಮೆಯಿಂದ ಬರೆದವರು ಅಪರೂಪ.

ಕಳೆದ ಕ್ವಾರ್ಟರ್ಲಿ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಇದೇ ದಾರಿಯಲ್ಲಿ ಹೋಗಿಬಂದೆವು. ಬುಕಾನನ್‌ಗೆ ತಿಂಗಳುಗಟ್ಟಲೆ ಹಿಡಿದದ್ದು ನಮಗೆ ಅರ್ಧ ದಿನ! ಮಂಗಳೂರು ಮೇಲ್ ತಿರುಪ್ಪೂರಿಗೆ ಬರುವುದು ಬೆಳಕು ಹರಿಯುವ ಮುಂಚೆ. ಕಣ್ಣು ಬಿಟ್ಟಾಗ ತೆಂಗು, ಹಿನ್ನೀರು, ಹೆಂಚಿನ ಮನೆಗಳು. ಕಲ್ಲಿಕೋಟೆ, ವಡಕರ, ತಲಶ್ಶೇರಿ, ಕಣ್ಣೂರು. ಊರು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಬೇಕಲ ದಾಟಿದ ಮೇಲೆ ಚಂದ್ರಗಿರಿ ಹೊಳೆ. ಹಿಂದೆ ಮಲಯಾಳ ಸೀಮೆಗೂ ತುಳುನಾಡಿಗೂ ಇದೇ ಗಡಿ.

ನಮ್ಮ ಮನೆಯವರು ತಿರುಪ್ಪೂರಿನ ದೇವಾಂಗ ನೇಕಾರರ ಮನೆಯ ಮಗಳು. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಹೀಗೆ ಕನ್ನಡ ಆಡುವ, ಕನ್ನಡ ಓದಲಾರದ ಮನೆಗಳು ಬಹಳ. ಕೊಯಮತ್ತೂರು ರಾಜಬೀದಿಯ ರಾಮಲಿಂಗ ಚೌಡೇಶ್ವರಿ ಗುಡಿಯಲ್ಲಿ ವಿಜಯದಶಮಿಯಂದು ಕತ್ತಿ ಹಾಕಿಕೊಳ್ಳುತ್ತಾ "ತೀಸುಕೋ ತಾಯೇ" ಎಂದು ಕೂಗುವವರು ಇವರೇ. (ಆ ಕೂಗು ತೆಲುಗು, ಕೂಗುವವರ ಮನೆಮಾತು ಕನ್ನಡ, ಬೀದಿಯದು ತಮಿಳು!)

ಕಾಸರಗೋಡಿನಲ್ಲಿ ಇಳಿದು ಬಸ್ಸಿನಲ್ಲಿ ಮಂಜೇಶ್ವರಕ್ಕೆ ಹೋದೆವು. ಅಲ್ಲಿ ಒಂದು ಅಂಗಡಿಯ ಬೋರ್ಡು ಎರಡು ಲಿಪಿಯಲ್ಲಿತ್ತು. "ಯಾವುದು ನಮ್ದು?" ಎಂದು ಇವಳು ಕೇಳಿದಳು. ತೋರಿಸಿದೆ. ಆಮೇಲೆ ಅಂಗಡಿಯವನ ಹತ್ತಿರ ತನ್ನ ಕನ್ನಡದಲ್ಲೇ ನೀರಿನ ಬಾಟಲಿ ಕೇಳಿದಳು. ಅವನು ಒಂದು ಕ್ಷಣ ನೋಡಿ, "ನೀವು ಯಾವ ಕಡೆಯವರು?" ಅಂದ. ತಿರುಪ್ಪೂರು ಅಂದೆವು. "ಅಲ್ಲಿಯೂ ಕನ್ನಡ ಉಂಟಾ!" ಅಂದ. ಉಂಟು ಮಾರಾಯರೇ, ಆದರೆ ಬೋರ್ಡಿನಲ್ಲಿ ಇಲ್ಲ ಎಂದೆ. ಅವನು ನಕ್ಕ. ಅವನ ಮಕ್ಕಳು ಕನ್ನಡ ಮೀಡಿಯಂನಲ್ಲೇ ಓದುತ್ತಿದ್ದಾರಂತೆ.

ಅಲ್ಲಿಂದ ಗೋವಿಂದ ಪೈಗಳ ಮನೆ ದೂರವಿಲ್ಲ. ಅವರಿಗೆ 1949ರಲ್ಲಿ ರಾಷ್ಟ್ರಕವಿ ಎಂದು ಬಿರುದು ಕೊಟ್ಟದ್ದು ಮದ್ರಾಸು ಸರ್ಕಾರ. ಈಗಿನ ಮಕ್ಕಳಿಗೆ ಆಶ್ಚರ್ಯವಾಗಬಹುದು. ಆಗ ಮಂಜೇಶ್ವರ ಇದ್ದದ್ದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಅದೇ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಇತ್ತು. ಕೊಳ್ಳೇಗಾಲದವನಿಗೂ ಮಂಜೇಶ್ವರದವನಿಗೂ ಸರ್ಕಾರ ಒಂದೇ, ರಾಜಧಾನಿ ಒಂದೇ.

1956ರ ನವೆಂಬರ್ 1ರಂದು ಕೊಳ್ಳೇಗಾಲವೂ ಮಂಗಳೂರೂ ಮೈಸೂರು ರಾಜ್ಯಕ್ಕೆ ಹೋದವು. ಕಾಸರಗೋಡು ಕೇರಳಕ್ಕೆ ಹೋಯಿತು. ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿಯಿತು, 1979ರಲ್ಲಿ ಪೆರಿಯಾರ್ ಜಿಲ್ಲೆಗೆ, ಅಂದರೆ ಈಗಿನ ಈರೋಡಿಗೆ ಸೇರಿತು. ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾಯಿತು. ತಾಳವಾಡಿಯ ಮಕ್ಕಳೂ ಕಾಸರಗೋಡಿನ ಮಕ್ಕಳೂ ಇವತ್ತಿಗೂ ಬೇರೆ ಬೇರೆ ರಾಜ್ಯಗಳ ಸಮಾಜ ಪುಸ್ತಕವನ್ನು ಕನ್ನಡದಲ್ಲಿ ಓದುತ್ತಿದ್ದಾರೆ. ತಿರುಪ್ಪೂರಿನ ನೇಕಾರರ ಮಕ್ಕಳಿಗೆ ಅದೂ ಇಲ್ಲ.

ಶಿಕ್ಷಕ ಮಿತ್ರರು ಬೇಕಾದರೆ ಹೀಗೆ ಮಾಡಿನೋಡಿ. ದಕ್ಷಿಣ ಭಾರತದ ಖಾಲಿ ನಕ್ಷೆ ಕೊಟ್ಟು ಧಾರಾಪುರಂ, ಪಾಲಕ್ಕಾಡು, ಕಲ್ಲಿಕೋಟೆ, ಮಂಗಳೂರು ಗುರುತು ಹಾಕಿಸಿ, ಪೆನ್ಸಿಲಿನಲ್ಲಿ ಸೇರಿಸಲು ಹೇಳಿ. ರಾಜ್ಯಗಳ ಗಡಿಯನ್ನು ಆಮೇಲೆ ಬರೆಸಿ.