ಹಳೇ ಕಂಪ್ಯೂಟರ್‌ನಲ್ಲಿ ದಿನಾ ಅದೇ ಎರರ್‌? ಮೊದಲು ಸೆಲ್ ನೋಡಿ

ಆನ್ ಮಾಡಿದಾಗಲೆಲ್ಲ 'ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ' ಅಂತ ಬರುತ್ತಾ? ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತಾ? ಹಾಗಿದ್ದರೆ ಮದರ್‌ಬೋರ್ಡ್‌ನ ಸೆಲ್ ಮುಗಿದಿರುವ ಸಾಧ್ಯತೆ ಹೆಚ್ಚು. ತಾರೀಖು ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್‌ಗಳೂ ತೆರೆಯಲ್ಲ.

ಪ್ಲಗ್ ಕಿತ್ತು, ಪಕ್ಕದ ಕವರ್ ತೆಗೆಯಿರಿ. ಸಾಮಾನ್ಯವಾಗಿ ಅಲ್ಲಿ ನಾಣ್ಯದಂಥ 3 ವೋಲ್ಟ್‌ನ ಸಿಆರ್2032 ಸೆಲ್ ಇರುತ್ತೆ. ಪ್ಲಸ್ ಗುರುತು ಮೊದಲಿದ್ದ ಕಡೆಗೇ ಬರುವಂತೆ ಹೊಸದು ಹಾಕಿ. ನಂತರ ಬಯೋಸ್‌ಗೆ ಹೋಗಿ ತಾರೀಖು, ಸಮಯ ಸರಿಪಡಿಸಿ ಸೇವ್ ಮಾಡಿ. ಇದರಿಂದ ಫೋಟೊ, ಫೈಲ್ ಅಳಿಸಿಹೋಗಲ್ಲ. ಫಾರ್ಮ್ಯಾಟ್ ಬೇಕಿಲ್ಲ.

ಆದರೆ 'ಸ್ಮಾರ್ಟ್' ಎಚ್ಚರಿಕೆ ಬಂದರೆ ಹಾರ್ಡ್‌ಡಿಸ್ಕ್ ಕೆಡುತ್ತಿದೆ ಎಂದರ್ಥ. ರಿಪೇರಿಗೂ ಮುಂಚೆ ಮಾರ್ಕ್ಸ್‌ಕಾರ್ಡ್, ಪಹಣಿ ಸ್ಕ್ಯಾನ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಹಳೇ ಸೆಲ್ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.